ಮೊದಲ ಅಪ್‌ಡೇಟ್ ಲೆಕ್ಕಪತ್ರ ವಿಭಾಗಕ್ಕೇ ಹೋಗಲಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೂ ಭದ್ರತಾ ಅಪ್‌ಡೇಟ್ ಬೇಕೆನ್ನುವ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಇಟ್ಟ ದರ, ಮೊದಲ ವರ್ಷಕ್ಕೆ ಒಂದು ಕಂಪ್ಯೂಟರಿಗೆ 61 ಡಾಲರ್. ಅದು ವರ್ಷವರ್ಷವೂ ದುಪ್ಪಟ್ಟಾಗುತ್ತದೆ, ಅದೂ ಮೂರೇ ವರ್ಷ. ಹೀಗಾಗಿ ವರ್ಷಗಟ್ಟಲೆ ಮುಂದೂಡುತ್ತ ಬಂದ ಕಚೇರಿಗಳೆಲ್ಲ ಈಗ ವಿಂಡೋಸ್ 11ಕ್ಕೆ ಅವಸರದಲ್ಲಿ ಹೊರಟಿವೆ.

ಯಂತ್ರ ಹೊಂದುತ್ತದೆಯೇ ಎಂದು ನೋಡುವುದು ಸುಲಭದ ಕೆಲಸ. ಟಿಪಿಎಂ 2.0 (ಕೀಲಿಗಳನ್ನು ಕಾಪಾಡುವ ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗುವ ವ್ಯವಸ್ಥೆ), 4 ಜಿಬಿ ರ‍್ಯಾಮ್ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಟಿಪಿಎಂ ಇಲ್ಲವೆಂದು ಪಟ್ಟಿಯಲ್ಲಿ ಕಾಣುವ ಎಷ್ಟೋ ಯಂತ್ರಗಳಲ್ಲಿ ಅದು ಇದ್ದೇ ಇರುತ್ತದೆ, ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಆಫ್ ಆಗಿರುತ್ತದೆ ಅಷ್ಟೆ. ಆದರೆ ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಇಲ್ಲವಾದರೆ ಮರುದಿನ ಬೆಳಗ್ಗೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತ ಕೂರಬಹುದು. ಆ ಕೀ ಎಂದೋ ಕೆಲಸ ಬಿಟ್ಟುಹೋದವರ ಖಾತೆಯಲ್ಲಿದ್ದರೆ ದೇವರೇ ಗತಿ.

ನಿಜವಾದ ಪ್ರಶ್ನೆ, ಮೊದಲು ಯಾರ ಯಂತ್ರಕ್ಕೆ ಹಾಕುವುದು ಎನ್ನುವುದು. ರೂಢಿಯಲ್ಲಿ ಐಟಿ ವಿಭಾಗದವರು ತಮ್ಮ ಲ್ಯಾಪ್‌ಟಾಪ್‌ಗಳಿಗೇ ಮೊದಲು ಹಾಕಿಕೊಂಡು, ಎರಡು ವಾರ ನೋಡಿ, ಏನೂ ತೊಂದರೆಯಿಲ್ಲ ಎಂದು ವರದಿ ಕೊಡುತ್ತಾರೆ. ಅವರಿಗೆ ತೊಂದರೆ ಎಲ್ಲಿಂದ ಬರಬೇಕು? ಅವರು ಬಳಸುವುದು ಬ್ರೌಸರ್, ಇಮೇಲ್ ಮತ್ತು ತಮ್ಮದೇ ಒಂದಿಷ್ಟು ಸಲಕರಣೆ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಟ್ಯಾಲಿ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪಿಸಿಟ್ಟ ಪತ್ರಗಳು, ಇವೆಲ್ಲ ಇರುವುದು ಲೆಕ್ಕಪತ್ರ ಮತ್ತು ಆಡಳಿತ ವಿಭಾಗಗಳ ಮೇಜಿನ ಮೇಲೆ. 2021ರಲ್ಲಿ ಪ್ರಿಂಟ್ ಸ್ಪೂಲರ್ (ಮುದ್ರಣದ ಕೆಲಸಗಳನ್ನು ನಿಭಾಯಿಸುವ ವಿಂಡೋಸ್ ಸೇವೆ) ದೋಷಕ್ಕೆ ಬಂದ ತೇಪೆಯ ನಂತರ ಸಾಮಾನ್ಯ ಬಳಕೆದಾರರು ನೆಟ್‌ವರ್ಕ್ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳಲು ಆಡಳಿತಗಾರರ ಅನುಮತಿ ಬೇಕಾಯಿತು. ಐಟಿಯವರಿಗೆ ಆ ಅನುಮತಿ ಮೊದಲೇ ಇದ್ದುದರಿಂದ ಅವರ ಪರೀಕ್ಷೆಯಲ್ಲಿ ಅದು ಕಾಣುವ ಸಂಭವವೇ ಕಡಿಮೆಯಿತ್ತು.

ಆದ್ದರಿಂದ ನನ್ನ ಮೊದಲ ಗುಂಪಿನಲ್ಲಿ ಪ್ರತಿ ವಿಭಾಗದಿಂದ ಒಬ್ಬರಾದರೂ ಇರುತ್ತಾರೆ. ಸದಾ ಗೊಣಗುವವರಾದರೆ ಇನ್ನೂ ಒಳ್ಳೆಯದು. ಸಣ್ಣ ವ್ಯತ್ಯಾಸವನ್ನೂ ಹೇಳದೆ ಬಿಡುವವರಲ್ಲ ಅವರು. ಅವರ ಯಂತ್ರ ಕೈಕೊಟ್ಟರೆ ಕೂಡಲೇ ಕೊಡಲು ಇನ್ನೊಂದು ಸಿದ್ಧವಿರಬೇಕು, ಈ ಮಾತನ್ನು ಮೊದಲೇ ಅವರ ಮೇಲಧಿಕಾರಿಗೆ ತಿಳಿಸಿರಬೇಕು. ಉಳಿದವರಿಗೆ ಹಂತಹಂತವಾಗಿ. ವಿಂಡೋಸ್‌ನ ಅಪ್‌ಡೇಟ್ ನೀತಿಯಲ್ಲೇ ಹೊಸ ಆವೃತ್ತಿಯನ್ನು 365 ದಿನಗಳವರೆಗೆ ಮುಂದೂಡಲು ಅವಕಾಶವಿರುವಾಗ ಎಲ್ಲರಿಗೂ ಒಂದೇ ರಾತ್ರಿ ತಳ್ಳುವ ಅಗತ್ಯವಿಲ್ಲ.

ದಿನ ಗೊತ್ತುಮಾಡುವಾಗ ಕ್ಯಾಲೆಂಡರ್ ನೋಡಿ. ಏಳನೇ ತಾರೀಖು ಟಿಡಿಎಸ್ ಕಟ್ಟಬೇಕು, ಇಪ್ಪತ್ತಕ್ಕೆ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು. ಆ ವಾರಗಳಲ್ಲಿ ಲೆಕ್ಕಪತ್ರದವರ ಯಂತ್ರ ಮುಟ್ಟಬೇಡಿ. ಇನ್ನೊಂದು ತೊಡಕೂ ಇಲ್ಲಿದೆ. ವಿಂಡೋಸ್ 10ರಿಂದ 11ಕ್ಕೆ ಏರಿದ ಮೇಲೆ ಹಿಂದಕ್ಕೆ ಮರಳಲು ಸಿಗುವುದು ಹತ್ತು ದಿನ ಮಾತ್ರ. ತಿಂಗಳಿಗೊಮ್ಮೆ ಮಾಡುವ ಕೆಲಸದಲ್ಲಿ ದೋಷ ಕಾಣಿಸುವ ಹೊತ್ತಿಗೆ ಆ ಅವಧಿ ದಾಟಿರುತ್ತದೆ. ಏರಿದ ಕೂಡಲೇ, ಹತ್ತು ದಿನ ಮುಗಿಯುವ ಮೊದಲೇ, ಡಿಸ್ಮ್ (DISM) ಎಂಬ ವಿಂಡೋಸ್‌ನದೇ ಆಜ್ಞೆಯ ಮೂಲಕ ಅದನ್ನು 60 ದಿನಗಳಿಗೆ ವಿಸ್ತರಿಸಿ. ಜಾಗ ಸಾಲದೆಂದು ಯಾರೂ ಡಿಸ್ಕ್ ಕ್ಲೀನಪ್ ನಡೆಸಿ ಹಳೆಯ ವಿಂಡೋಸ್ ಫೋಲ್ಡರ್ ಅಳಿಸದಂತೆಯೂ ನೋಡಿಕೊಳ್ಳಿ. ಅದು ಹೋದರೆ ಅರವತ್ತು ದಿನ ಬಾಕಿಯಿದ್ದರೂ ಮರಳುವ ದಾರಿ ಮುಚ್ಚಿತು.