ಹಾಜರಿ ಪುಸ್ತಕದಲ್ಲಿ ಗುಳೆಯ ಹೆಜ್ಜೆ

ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ ದೀಪಾವಳಿ ಹೊತ್ತಿಗೆ ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗುತ್ತದೆ. ಆಗ ಶಾಲೆಯಲ್ಲಿ ಹಿಂದಿನ ಸಾಲು ಖಾಲಿ. ಹತ್ತಿ ಬಿಡಿಸಿ ಮುಗಿದ ಮೇಲೆ ಕೆಲವು ಮನೆಗಳಿಗೆ ಬೀಗವೇ ಬೀಳುತ್ತದೆ. ಮಂದಿ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ, ಜೊತೆಗೆ ಮಕ್ಕಳೂ.

ಯಾವ ಹುಡುಗನೂ ಒಂದೇ ದಿನಕ್ಕೆ ಶಾಲೆ ಬಿಡುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶಿಕ್ಷಣ ಸಂಶೋಧಕ ರಾಬರ್ಟ್ ಬಾಲ್ಫಾಂಜ್ ಮತ್ತು ಜೊತೆಗಾರರು 6ನೇ ತರಗತಿಯ ಮಕ್ಕಳ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, 2007ರಲ್ಲಿ ಪ್ರಕಟಿಸಿದರು. ಹಾಜರಿ ಶೇ 80ಕ್ಕಿಂತ ಕಡಿಮೆ, ಗಣಿತದಲ್ಲಿ ಫೇಲು, ಇಂಗ್ಲಿಷಿನಲ್ಲಿ ಫೇಲು. ಇಂಥ ಕೆಲವೇ ಗುರುತುಗಳು ಸಾಕಿತ್ತು. ಮುಂದೆ ಓದು ಮುಗಿಸದೆ ಹೋದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಆಗಲೇ ಕಣ್ಣಿಗೆ ಬೀಳುತ್ತಿದ್ದರು.

ಆದರೆ ನಮ್ಮಲ್ಲಿ ಬರೀ ಶೇಕಡಾ ನೋಡಿದರೆ ಮೋಸ ಹೋಗುತ್ತೇವೆ. 8ನೇ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಒಬ್ಬ ಹುಡುಗಿ ವಾರಕ್ಕೊಂದು ದಿನ, ಕೆಲವೊಮ್ಮೆ ಎರಡು ದಿನ, ಅವ್ವ ಸಂತೆಗೆ ಹೋದಾಗ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ವರ್ಷಕ್ಕೆ 44 ದಿನ ಗೈರು. ಇನ್ನೊಬ್ಬ ಹುಡುಗ ದೀಪಾವಳಿ ಆದ ಮೇಲೆ ಒಂದೇ ಸಮನೆ 44 ದಿನ ಬಂದಿಲ್ಲ. ಇಬ್ಬರ ಹಾಜರಿಯೂ ಶೇ 80. ಆದರೆ ಹುಡುಗಿಗೆ ಬೇಕಿರುವುದು ತಮ್ಮನಿಗೊಂದು ಅಂಗನವಾಡಿ. ಹುಡುಗನಿಗೆ ಬೇಕಿರುವುದು, ಅಪ್ಪ-ಅವ್ವ ಗುಳೆ ಹೋದಾಗ ಊರಲ್ಲೇ ಉಳಿಯಲು ಒಂದು ಹಾಸ್ಟೆಲ್. ಎಷ್ಟು ದಿನ ಅನ್ನುವುದಕ್ಕಿಂತ ಯಾವ ದಿನ ಅನ್ನುವುದು ಮುಖ್ಯ, ಅಲ್ವಾ?

ಈಗಾಗಲೇ ಬಿಟ್ಟವರಿಗೂ ಇದೇ ಲೆಕ್ಕ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದೇ ವಿಷಯ ಉಳಿಸಿಕೊಂಡು ಗಾರೆ ಕೆಲಸಕ್ಕೆ ಹೋದ ಹುಡುಗನಿಗೆ ಮುಂದಿನ ಪರೀಕ್ಷೆಯ ದಿನ ಗೊತ್ತಾದರೆ ಐಟಿಐ ಬಾಗಿಲು ಹತ್ತಿರವಾಗುತ್ತದೆ. ಅಂಥವರ ಪಟ್ಟಿ ಅವರು ಓದಿದ ಶಾಲೆಯಲ್ಲೇ ಸಿಗುತ್ತದೆ. ಆದರೆ ಅದನ್ನು ಗೋಡೆಗೆ ಅಂಟಿಸಬಾರದು. ಫೇಲಾದವನ ಹೆಸರು ಊರೆಲ್ಲ ಓದಿದರೆ ಅವನು ಆ ಕಡೆ ತಲೆ ಹಾಕುವುದೇ ಇಲ್ಲ. ಒಬ್ಬರು ಮೇಷ್ಟ್ರು ಫೋನ್ ಮಾಡಿದರೆ ಸಾಕು.

ಫೋನ್ ಹತ್ತುವುದೇ ಕಷ್ಟ. ಗುಳೆ ಹೋದವರು ಸಿಮ್ ಬದಲಿಸುತ್ತಾರೆ. ಅದಕ್ಕೇ ದಾಖಲೆಯಲ್ಲಿ ಇನ್ನೊಂದು ಕಾಲಂ ಬೇಕು ಅನ್ನುತ್ತೇನೆ: ಊರಲ್ಲಿ ಉಳಿದವರು ಯಾರು? ಎಷ್ಟೋ ಮನೆಗಳಲ್ಲಿ ಅದು ಅಜ್ಜಿ. ಮೊಮ್ಮಗ ಯಾವ ಏರಿಯಾದ ಯಾವ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ, ಹಬ್ಬಕ್ಕೆ ಯಾವ ಬಸ್ಸಿಗೆ ಬರುತ್ತಾನೆ ಅನ್ನುವುದು ಅವಳಿಗೆ ಗೊತ್ತಿರುತ್ತದೆ.