ಕಳೆದ ಪರ್ಸ್ ವಾಪಸ್ ಸಿಕ್ಕಿತು, ಕಾರ್ಡು ಬದಲಿಸಬೇಕೇ?

ಪ್ರಶ್ನೆ: ಬಸ್ಸಿನಲ್ಲಿ ಪರ್ಸ್ ಬಿದ್ದುಹೋಗಿತ್ತು. ಮಾರನೇ ದಿನ ಡಿಪೋದಿಂದ ಫೋನ್ ಬಂತು, ಹೋಗಿ ತಂದೆ. ದುಡ್ಡು ಹಾಗೇ ಇದೆ. ಎರಡು ಡೆಬಿಟ್ ಕಾರ್ಡು, ಒಂದು ಕ್ರೆಡಿಟ್ ಕಾರ್ಡು ಇಟ್ಟ ಜಾಗದಲ್ಲೇ ಇವೆ. ಖಾತೆಯಿಂದ ಒಂದು ರೂಪಾಯಿಯೂ ಹೋಗಿಲ್ಲ. ಆದರೂ ಕಾರ್ಡು ಬದಲಿಸಬೇಕೇ? ಪಿನ್ ಬದಲಿಸಿದರೆ ಸಾಲದೇ?

ಉತ್ತರ: ಬದಲಿಸಿ, ಮೂರನ್ನೂ. ಪಿನ್ ಬದಲಿಸಿದರೆ ಸಾಲದು.

ನಿಮ್ಮ ಕ್ರೆಡಿಟ್ ಕಾರ್ಡನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಹದಿನಾರು ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ನಿಮ್ಮ ಹೆಸರು, ಹಿಂಬದಿಯಲ್ಲಿ ಮೂರಂಕಿಯ ಸಿವಿವಿ. ಯಾರಾದರೂ ಮೊಬೈಲಿನಲ್ಲಿ ಎರಡು ಫೋಟೊ ತೆಗೆದರೆ ಇಷ್ಟೂ ಅವರ ಹತ್ತಿರ ಸೇರಿತು. ಆಮೇಲೆ ಕಾರ್ಡನ್ನು ಅದೇ ಜಾಗಕ್ಕೆ ತುರುಕಿಟ್ಟರೆ ಯಾವ ಗುರುತೂ ಉಳಿಯುವುದಿಲ್ಲ. ದುಡ್ಡು ಮುಟ್ಟಿಲ್ಲ ಅನ್ನುವುದರಿಂದ ಮನಸ್ಸಿಗೆ ಸಮಾಧಾನ ಆಗಬಹುದು, ಕಾರ್ಡಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪರ್ಸ್ ಹಿಂದಿರುಗಿಸಿದವರ ಮೇಲೆ ಅನುಮಾನ ಪಡಬೇಕಾಗಿಲ್ಲ. ಅವರ ಕೈ ಸೇರುವ ಮೊದಲು ಅದು ಎಷ್ಟು ಕೈ ದಾಟಿತ್ತೋ ಅವರಿಗೂ ಗೊತ್ತಿರುವುದಿಲ್ಲ.

ಪಿನ್ ಕೆಲಸಕ್ಕೆ ಬರುವುದು ಎಟಿಎಂನಲ್ಲಿ, ಅಂಗಡಿಯ ಸ್ವೈಪಿಂಗ್ ಮೆಷಿನ್‌ನಲ್ಲಿ. ಆನ್‌ಲೈನ್ ಖರೀದಿಗೆ ಬೇಕಾಗುವುದು ಕಾರ್ಡಿನ ಮೇಲಿರುವ ಅಂಕಿಗಳು ಮತ್ತು ಒಟಿಪಿ. ಒಟಿಪಿ ನನ್ನ ಫೋನಿಗೆ ತಾನೇ ಬರುತ್ತದೆ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಭಾರತದೊಳಗಿನ ವೆಬ್‌ಸೈಟುಗಳ ಮಟ್ಟಿಗೆ ಅದು ಸರಿ. ವಿದೇಶದ ಎಷ್ಟೋ ವೆಬ್‌ಸೈಟುಗಳಲ್ಲಿ ನಂಬರ್, ತಾರೀಖು, ಸಿವಿವಿ ಹಾಕಿದರೆ ಒಟಿಪಿ ಇಲ್ಲದೆಯೇ ಹಣ ಹೋಗುತ್ತದೆ. ಕದ್ದ ವಿವರ ಇಟ್ಟುಕೊಂಡವರು ಒಮ್ಮೆಲೇ ದೊಡ್ಡ ಮೊತ್ತಕ್ಕೆ ಕೈಹಾಕದೆ, ಕಾರ್ಡು ಜೀವಂತ ಇದೆಯೇ ಎಂದು ನೋಡಲು ಮೊದಲು ಒಂದು ಡಾಲರಿನಷ್ಟು ಸಣ್ಣ ಮೊತ್ತ ಎಳೆದು ನೋಡುವುದುಂಟು. ಗೊತ್ತಿಲ್ಲದ ಹೆಸರಿನಲ್ಲಿ 80-90 ರೂಪಾಯಿಯ ಎಸ್‌ಎಂಎಸ್ ಬಂದರೆ ಚಿಲ್ಲರೆ ಎಂದು ಬಿಡಬೇಡಿ.

ನಿಮ್ಮ ಅಪಾಯ ಎಷ್ಟು ಎಂದು ತಿಳಿಯಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಸೆಟ್ಟಿಂಗ್ಸ್ ತೆರೆಯಿರಿ. ಆರ್‌ಬಿಐ ನಿಯಮದಂತೆ 2020ರ ಮಾರ್ಚ್ 16ರ ನಂತರ ಕೊಟ್ಟ ಕಾರ್ಡುಗಳು ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮೆಷಿನ್‌ಗೆ ಮಾತ್ರ ಚಾಲೂ ಇರುತ್ತವೆ. ಆನ್‌ಲೈನ್, ವಿದೇಶಿ ಬಳಕೆ, ಟ್ಯಾಪ್ ಮಾಡಿ ಪಾವತಿಸುವುದು, ಇವನ್ನೆಲ್ಲ ನೀವೇ ಆನ್ ಮಾಡಿರಬೇಕು. ವಿದೇಶಿ ಬಳಕೆಯ ಸ್ವಿಚ್ ಯಾವತ್ತೂ ಆನ್ ಆಗಿಲ್ಲದ ಡೆಬಿಟ್ ಕಾರ್ಡಿನ ಫೋಟೊದಿಂದ ಕಳ್ಳನಿಗೆ ಹೆಚ್ಚೇನೂ ಗಿಟ್ಟುವುದಿಲ್ಲ. ಯಾವಾಗಲೋ ಪ್ರವಾಸಕ್ಕೆಂದು ಆನ್ ಮಾಡಿ ಮರೆತ ಕ್ರೆಡಿಟ್ ಕಾರ್ಡೇ ಎಲ್ಲಕ್ಕಿಂತ ಅಪಾಯದ್ದು. ಟ್ಯಾಪ್ ಆನ್ ಇದ್ದರೆ 5,000 ರೂಪಾಯಿವರೆಗಿನ ಪಾವತಿಗೆ ಪಿನ್ ಬೇಕಿಲ್ಲ. ಹಾಗಾಗಿ ಪರ್ಸ್ ಕೈಲಿಲ್ಲದ ಹೊತ್ತಿನ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ನೋಡಿ.

ಹಾಗಾದರೆ ಬದಲಿಸದೆ ಬಿಡಬಹುದಾದ ಸಂದರ್ಭವೇ ಇಲ್ಲವೇ? ಇದೆ. ಪರ್ಸನ್ನು ಅಕ್ಕನ ಮನೆಯಲ್ಲೋ ಆಫೀಸಿನ ಡ್ರಾಯರಿನಲ್ಲೋ ಮರೆತಿದ್ದು, ನಡುವೆ ಹೊರಗಿನವರ ಕೈಗೆ ಸಿಕ್ಕಿಲ್ಲ ಎಂದು ಖಾತ್ರಿ ಇದ್ದರೆ ಬೇಕಿಲ್ಲ. ಕೆಲವು ಬ್ಯಾಂಕುಗಳು ಈಗ ನಂಬರ್, ಸಿವಿವಿ ಯಾವುದನ್ನೂ ಮುದ್ರಿಸದ ಕಾರ್ಡು ಕೊಡುತ್ತವೆ. ಅಂಥದ್ದಾಗಿದ್ದು, ಕಳೆದ ತಕ್ಷಣ ಆ್ಯಪ್‌ನಲ್ಲಿ ಲಾಕ್ ಮಾಡಿದ್ದರೆ ಪಿನ್ ಬದಲಿಸಿ, ಎರಡು ತಿಂಗಳು ಸ್ಟೇಟ್‌ಮೆಂಟ್ ಗಮನಿಸಿದರೆ ಸಾಕು. ಆದರೆ ಪರ್ಸಿನಲ್ಲಿ ಪಿನ್ ಬರೆದ ಚೀಟಿ ಇದ್ದರೆ, ಅಥವಾ ಪರ್ಸಿನ ಜೊತೆ ಫೋನೂ ಕಳೆದಿದ್ದರೆ ಈ ಯಾವ ರಿಯಾಯಿತಿಯೂ ಇಲ್ಲ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿಯ ತಿಂಗಳು-ವರ್ಷ ಮತ್ತು ನಿಮ್ಮ ಸಿಮ್ಮಿಗೆ ಬರುವ ಒಟಿಪಿ ಸಿಕ್ಕರೆ ಹೊಸ ಯುಪಿಐ ಪಿನ್ನನ್ನೇ ಹಾಕಿಕೊಳ್ಳಬಹುದು. ಅಲ್ಲಿಂದ ಮುಂದೆ ಖಾತೆಯೇ ಅವರ ಕೈಯಲ್ಲಿ.

ಈಗ ಮಾಡಬೇಕಾದ ಕೆಲಸ. ಮೊದಲು ಆ್ಯಪ್‌ನಲ್ಲಿ ತಾತ್ಕಾಲಿಕ ಲಾಕ್ ಹಾಕಿ. ಇದನ್ನು ಮತ್ತೆ ತೆರೆಯಬಹುದು, ಆದ್ದರಿಂದ ಯೋಚಿಸುತ್ತಾ ಕೂರಬೇಕಿಲ್ಲ. ಆಮೇಲೆ ಆ ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿ ಹೋಗುವ ಪಾವತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದಾದ ಮೇಲೆ ಕಾಯಂ ಬ್ಲಾಕ್, ಬ್ಯಾಂಕಿನವರ ಭಾಷೆಯಲ್ಲಿ ಹಾಟ್‌ಲಿಸ್ಟ್. ಕಾಯಂ ಬ್ಲಾಕ್ ಆದ ಕಾರ್ಡು ಸಾಮಾನ್ಯವಾಗಿ ಮತ್ತೆ ಜೀವ ಪಡೆಯುವುದಿಲ್ಲ. ಪರ್ಸ್ ಕಳೆದ ದಿನವೇ ನೀವು ಬ್ಲಾಕ್ ಮಾಡಿಸಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ.

ಕಾರಣ ಕೇಳಿದಾಗ "ಕಳೆದುಹೋಗಿತ್ತು" ಎಂದೇ ಹೇಳಿ. ಪರ್ಸ್ ಸಿಕ್ಕಿದೆಯಲ್ಲ ಎಂದು "ಹಾಳಾಗಿದೆ" ಎಂದು ಬರೆದರೆ ಕೆಲವು ಬ್ಯಾಂಕುಗಳು ಅದೇ ನಂಬರಿನ ಕಾರ್ಡನ್ನು ಮತ್ತೆ ಮುದ್ರಿಸಿ ಕಳಿಸುತ್ತವೆ. ನಿಮಗೆ ಬೇಕಿರುವುದು ಹೊಸ ನಂಬರ್. ಡೆಬಿಟ್ ಕಾರ್ಡಿಗೆ ಸಾಮಾನ್ಯವಾಗಿ 200ರಿಂದ 300 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಮೂರು ಕಾರ್ಡಿಗೆ ಸಾವಿರ ರೂಪಾಯಿ ಆದೀತು ಎಂದು ಹಿಂಜರಿಯಬೇಡಿ. ಅರ್ಜಿ ಹಾಕುವ ಮೊದಲು ವಿಳಾಸ ನೋಡಿಕೊಳ್ಳಿ, ಹಳೆ ಬಾಡಿಗೆ ಮನೆಯ ವಿಳಾಸಕ್ಕೆ ಹೊಸ ಕಾರ್ಡು ಹೋದರೆ ಮತ್ತೊಂದು ತಲೆನೋವು.

ಆ ಹಾಳೆಯ ಮಾತಿಗೆ ಬರೋಣ. ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿ. 2022ರ ಅಕ್ಟೋಬರ್ 1ರಿಂದ ಶಾಪಿಂಗ್ ತಾಣಗಳು ನಿಮ್ಮ ಕಾರ್ಡ್ ನಂಬರನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್, ಅಂದರೆ ನಂಬರಿಗೆ ಬದಲಾಗಿ ಬಳಸುವ ಒಂದು ಸಂಕೇತ, ಇರುತ್ತದೆ. ಕಾರ್ಡು ಹೊಸದಾದರೆ ಬಹುತೇಕ ಕಡೆ ಟೋಕನ್ ಮತ್ತೆ ಮಾಡಬೇಕು. ಶಾಪಿಂಗ್‌ಗೆ ಇದರಿಂದ ನಷ್ಟವಿಲ್ಲ. ವಿಮೆಯ ಕಂತು ಮಾತ್ರ ಹಾಗಲ್ಲ. ಇ-ಮ್ಯಾಂಡೇಟ್, ಅಂದರೆ ಕಾರ್ಡಿನಿಂದ ಕಂತು ತಾನಾಗಿ ಕಡಿತವಾಗಲು ನೀವು ಕೊಟ್ಟ ಒಪ್ಪಿಗೆ, ಹಳೆ ಕಾರ್ಡಿನೊಂದಿಗೆ ನಿಂತುಹೋದರೆ ಕಂತು ತಪ್ಪುತ್ತದೆ. ಜೀವ ವಿಮೆಗೆ ತಪ್ಪಿದ ಕಂತು ಕಟ್ಟಲು ಸಾಮಾನ್ಯವಾಗಿ 30 ದಿನದ ವಿನಾಯಿತಿ ಅವಧಿ ಇದೆ, ತಿಂಗಳ ಕಂತಿನವರಿಗೆ 15 ದಿನ ಮಾತ್ರ. ಹೊಸ ಕಾರ್ಡು ಕೈಗೆ ಬರುವಷ್ಟರಲ್ಲೇ ಅದರಲ್ಲಿ ಅರ್ಧ ಕಳೆದಿರಬಹುದು. ಅದಕ್ಕೇ ಈ ಬಾರಿಯ ಕಂತನ್ನು ಯುಪಿಐನಲ್ಲೋ ನೆಟ್‌ಬ್ಯಾಂಕಿಂಗ್‌ನಲ್ಲೋ ಕೈಯಾರೆ ಕಟ್ಟಿಬಿಡಿ, ಹೊಸ ಕಾರ್ಡು ಬಂದ ದಿನವೇ ಮ್ಯಾಂಡೇಟ್ ಮತ್ತೆ ಮಾಡಿಸಿ. ಖಾತೆಯಿಂದ ನೇರವಾಗಿ ಹೋಗುವ ನಾಚ್ (ಎನ್‌ಎಸಿಎಚ್) ಕಂತುಗಳಿಗೆ, ಖಾತೆಗೆ ಜೋಡಿಸಿದ ಯುಪಿಐ ಆಟೋಪೇಗೆ ಡೆಬಿಟ್ ಕಾರ್ಡ್ ಬದಲಾದರೂ ಏನೂ ಆಗುವುದಿಲ್ಲ. ಗೃಹಸಾಲದ ಇಎಂಐ ನಿಂತೀತು ಎಂದು ಹೆದರಬೇಡಿ. ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದವರು ಹೊಸದನ್ನು ಮತ್ತೆ ಜೋಡಿಸಬೇಕಾಗುತ್ತದೆ.

ಸ್ಟೇಟ್‌ಮೆಂಟ್‌ನಲ್ಲಿ ನಿಮ್ಮದಲ್ಲದ ಖರ್ಚು ಕಂಡರೆ ದಿನ ಎಣಿಸಬೇಕು. 2017ರ ಜುಲೈ 6ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದ ಮೂರನೆಯವರ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ, 5 ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ ನಿಮ್ಮ ಮೇಲೆ. ಅದು ದಾಟಿದರೆ ಬ್ಯಾಂಕಿನ ಸ್ವಂತ ನೀತಿಯಂತೆ. ಪಿನ್ ಚೀಟಿಯನ್ನು ಕಾರ್ಡಿನ ಜೊತೆಗೇ ಇಟ್ಟಿದ್ದು ನಿರ್ಲಕ್ಷ್ಯ ಎಂದು ತೀರ್ಮಾನವಾದರೆ, ನೀವು ತಿಳಿಸುವವರೆಗಿನ ಅಷ್ಟೂ ನಷ್ಟ ನಿಮ್ಮದೇ. ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಆದ್ದರಿಂದ ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ, ಹಣ ಮುಂದಿನ ಖಾತೆಯಲ್ಲಿ ಇನ್ನೂ ನಿಂತಿದ್ದರೆ ತಡೆಯಲು ಅದೇ ದಾರಿ.

ಪರ್ಸಿನಲ್ಲಿ ಆಧಾರ್, ಪ್ಯಾನ್ ಇದ್ದರೆ ಅವನ್ನು ಬದಲಿಸುವ ಅಗತ್ಯ ಇಲ್ಲ, ಬದಲಿಸಿದರೂ ನಂಬರ್ ಅದೇ. ಆಧಾರ್‌ನ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ. ಎರಡು ಮೂರು ತಿಂಗಳ ನಂತರ ಉಚಿತ ಕ್ರೆಡಿಟ್ ವರದಿ ತರಿಸಿ, ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಕೇಳಿದ್ದಾರೆಯೇ ನೋಡಿ. ಜನರ ಸಾಲದ ದಾಖಲೆ ಇಡುವ ಸಿಬಿಲ್ ಸೇರಿ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ಇನ್ನು ಹಳೆ ಕಾರ್ಡು. ನಮ್ಮ ಮೆಟ್ರೋ ಗೇಟಿಗೆ ತೋರಿಸುವ ಎನ್‌ಸಿಎಂಸಿ ಸೌಲಭ್ಯ ಅದರಲ್ಲಿದ್ದರೆ ಚಿಪ್ಪಿನೊಳಗೆ ಬೇರೆಯೇ ಬಾಕಿ ಹಣ ಇರುತ್ತದೆ, 2,000 ರೂಪಾಯಿವರೆಗೆ. ಅದಕ್ಕೆ ಪಿನ್ನೂ ಇಲ್ಲ, ಅದು ನಿಮ್ಮ ಖಾತೆಯ ಬ್ಯಾಲೆನ್ಸ್‌ನಲ್ಲಿ ಕಾಣುವುದೂ ಇಲ್ಲ. ಆ ಹಣ ವಾಪಸ್ ಹೇಗೆ ಎಂದು ಬ್ಯಾಂಕಿನಲ್ಲಿ ಕೇಳಿ ಮುಗಿಸುವವರೆಗೆ ಕಾರ್ಡು ಇಟ್ಟುಕೊಳ್ಳಿ. ಆಮೇಲೆ ಕತ್ತರಿ ತೆಗೆದುಕೊಂಡು ಚಿಪ್ಪಿನ ನಟ್ಟನಡುವೆ ಒಂದು, ಹಿಂಬದಿಯ ಕಪ್ಪು ಪಟ್ಟಿಗೆ ಅಡ್ಡಲಾಗಿ ಎರಡು, ಸಿವಿವಿಯ ಮೇಲೆ ಒಂದು ಸಲ ಕತ್ತರಿಸಿ, ಚೂರುಗಳನ್ನು ಎರಡು ಬೇರೆ ಬೇರೆ ದಿನದ ಕಸಕ್ಕೆ ಹಾಕಿ.