ಪೆಡರ್ ಮುಳುಗಿತು, ಫ್ರಾಂಕ್ಲಿನ್ ಉಳಿಯಿತು

ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ ಒಂದು ಜಾತಿಯ ಎರೆಹುಳು ಇತ್ತು. ವಿಜ್ಞಾನಿಗಳ ಕೈಗೆ ಅದು ಸಿಕ್ಕಿದ್ದು ಒಂದೇ ಒಂದು, 1971ರಲ್ಲಿ, ಪೆಡರ್ ಎಂಬ ಸರೋವರದ ಮರಳ ದಂಡೆಯಲ್ಲಿ. ಮರುವರ್ಷ ಆ ದಂಡೆ ಅಣೆಕಟ್ಟಿನ ನೀರಿನಡಿ ಹೋಯಿತು. ಆಮೇಲೆ ಹುಡುಕಿದವರಿಗೆ ಹುಳ ಸಿಗಲಿಲ್ಲ, ಈಗ ಅದು ಅಳಿದುಹೋದ ಜೀವಿಗಳ ಪಟ್ಟಿಯಲ್ಲಿದೆ. ಎರೆಹುಳುವಿನ ಫೋಟೋ ನೋಡಿ ಯಾರೂ ಬೀದಿಗಿಳಿಯುವುದಿಲ್ಲ ಅಲ್ವಾ? ಆದರೆ ಅದು ಬದುಕಿದ್ದ ದಂಡೆಯ ಫೋಟೋ ನೋಡಿ ಜನ ಬೀದಿಗಿಳಿದಿದ್ದರು. ನಿಸರ್ಗ ಛಾಯಾಗ್ರಾಹಕರ ಬಗ್ಗೆ ನನಗೆ ಇಷ್ಟೊಂದು ಗೌರವ ಇರುವುದು ಇದೇ ಕಾರಣಕ್ಕೆ. ಅವರು ತೋರಿಸುವುದು ಕಣ್ಣಿಗೆ ಚೆಂದ ಕಾಣುವ ಜಾಗವನ್ನು. ಆ ಜಾಗ ಉಳಿದರೆ, ಅಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕುತ್ತಿರುವ ಜೀವಿಗಳೂ ಅದರ ಜೊತೆಗೇ ಉಳಿಯುತ್ತವೆ.

ಪೆಡರ್‌ನ ಫೋಟೋಗಳನ್ನು ತೆಗೆದವರು ಒಲೆಗಾಸ್ ಟ್ರುಚಾನಸ್. ಲಿಥುವೇನಿಯಾದಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದ ನಂತರ ಟಾಸ್ಮೇನಿಯಾಕ್ಕೆ ಬಂದು ನೆಲೆಸಿದವರು. ಅಲ್ಲಿನ ಜಲವಿದ್ಯುತ್ ಆಯೋಗದಲ್ಲಿ ಅವರಿಗೆ ಕೆಲಸ. ಹೌದು, ಪೆಡರ್ ಸರೋವರವನ್ನು ಮುಳುಗಿಸಲು ಹೊರಟಿದ್ದ ಅದೇ ಆಯೋಗ. ಬಿಡುವಿನಲ್ಲಿ ಅವರು ಒಬ್ಬರೇ ಸಣ್ಣ ದೋಣಿಯಲ್ಲಿ, ದಾರಿಯೇ ಇಲ್ಲದ ನೈಋತ್ಯದ ಕಾಡಿನೊಳಗೆ ಹೋಗಿ ಫೋಟೋ ತೆಗೆಯುತ್ತಿದ್ದರು. 1967ರ ಫೆಬ್ರುವರಿಯಲ್ಲಿ ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್ ಸುತ್ತಮುತ್ತ ಭಾರಿ ಕಾಳ್ಗಿಚ್ಚು ಎದ್ದಾಗ ಅವರ ಮನೆ ಸುಟ್ಟುಹೋಯಿತು. ಮನೆಯ ಜೊತೆಗೆ ವರ್ಷಗಟ್ಟಲೆ ಕೂಡಿಟ್ಟ ಸ್ಲೈಡುಗಳೂ ಬೂದಿಯಾದವು. ಅವರು ಮತ್ತೆ ಕ್ಯಾಮೆರಾ ಹೊತ್ತು ಅದೇ ಜಾಗಗಳಿಗೆ ಹೊರಟರು.

ಪೆಡರ್ ಆಗ ಸುಮಾರು 10 ಚದರ ಕಿಲೋಮೀಟರಿನ ಸರೋವರ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ ನಸುಗುಲಾಬಿ ಬಣ್ಣದ ಮರಳ ದಂಡೆ ಎಷ್ಟು ಅಗಲವಾಗಿ ತೆರೆದುಕೊಳ್ಳುತ್ತಿತ್ತೆಂದರೆ, ಸಣ್ಣ ವಿಮಾನಗಳು ಅದರ ಮೇಲೇ ಇಳಿಯುತ್ತಿದ್ದವು. 1955ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದ್ದರು, ಆಮೇಲೆ ಯೋಜನೆಗೋಸ್ಕರ ಆ ರಕ್ಷಣೆಯನ್ನೇ ತೆಗೆದುಹಾಕಿದರು. 1971ರಲ್ಲಿ ಟ್ರುಚಾನಸ್ ಹೋಬಾರ್ಟ್‌ನ ಪುರಭವನದಲ್ಲಿ ತಮ್ಮ ಸ್ಲೈಡುಗಳನ್ನು ತೋರಿಸಿದಾಗ ಜನ ಕಿಕ್ಕಿರಿದು ಸೇರಿದರು. ತಮ್ಮದೇ ಊರಿನಿಂದ ಅಷ್ಟೇನೂ ದೂರವಿಲ್ಲದ ಒಂದು ಜಾಗವನ್ನು ಅವರಲ್ಲಿ ಎಷ್ಟೋ ಮಂದಿ ಮೊದಲ ಸಲ ನೋಡಿದ್ದು ಆ ಪರದೆಯ ಮೇಲೆ.

ಪೆಡರ್ ಉಳಿಯಲಿಲ್ಲ. 1972ರ ಜನವರಿಯಲ್ಲಿ ಗಾರ್ಡನ್ ನದಿಯ ಫೋಟೋ ತೆಗೆಯಲು ಹೋದ ಟ್ರುಚಾನಸ್ ಅದರಲ್ಲೇ ಮುಳುಗಿ ತೀರಿಕೊಂಡರು. ಅದೇ ವರ್ಷ ಮೂರು ಅಣೆಕಟ್ಟುಗಳ ಹಿಂದೆ ನೀರು ಏರಿ, 240 ಚದರ ಕಿಲೋಮೀಟರಿಗೂ ದೊಡ್ಡದಾದ ಜಲಾಶಯ ಹಳೆಯ ಸರೋವರವನ್ನು ನುಂಗಿತು.

ಇಲ್ಲಿ ಒಂದು ಮೀನಿನ ಕಥೆ ಹೇಳಲೇಬೇಕು. ಪೆಡರ್ ಗ್ಯಾಲಾಕ್ಸಿಯಸ್ ಎಂಬ ಪುಟ್ಟ ಮೀನು ಆ ಸರೋವರದಲ್ಲಿ ಮತ್ತು ಅದಕ್ಕೆ ಸೇರುವ ತೊರೆಗಳಲ್ಲಿ ಮಾತ್ರ ಇತ್ತು. ನೀರು ತುಂಬಿದ ಹೊಸದರಲ್ಲಿ ಅದರ ಸಂಖ್ಯೆ ಜಾಸ್ತಿಯಾಯಿತು. ಇದು ಹೊಸ ಜಲಾಶಯಗಳಲ್ಲಿ ಆಗುವಂಥದ್ದೇ. ಮುಳುಗಿದ ಗಿಡ, ಹುಲ್ಲು, ಮಣ್ಣಿನಿಂದ ಪೋಷಕಾಂಶ ನೀರಿಗೆ ಬಿಡುಗಡೆಯಾಗಿ ಕೆಲವು ವರ್ಷ ಆಹಾರ ಹೇರಳವಾಗಿ ಸಿಗುತ್ತದೆ. ಆದರೆ ಬೇರೆ ಬೇರೆಯಾಗಿದ್ದ ನೀರುಗಳು ಒಂದಾದ ಮೇಲೆ ಇನ್ನೊಂದು ಜಾತಿಯ ಗ್ಯಾಲಾಕ್ಸಿಯಸ್ ಒಳಗೆ ಬಂತು, ಯುರೋಪ್ ಮೂಲದ ಟ್ರೌಟ್ ಮೀನೂ ಬಂತು. ಆಹಾರಕ್ಕೆ ಪೈಪೋಟಿ ಒಂದು ಕಡೆ, ತಿಂದುಹಾಕುವವರು ಇನ್ನೊಂದು ಕಡೆ. ಪುಟ್ಟ ಮೀನು ತನ್ನ ತವರಿನಲ್ಲೇ ಇಲ್ಲವಾಯಿತು. ಅಷ್ಟರೊಳಗೆ ಕೆಲವನ್ನು ಹಿಡಿದು, ಬೇರೆ ಮೀನುಗಳಿಲ್ಲದ ಒಬೆರಾನ್ ಎಂಬ ಬೆಟ್ಟದ ಸರೋವರಕ್ಕೆ ಬಿಟ್ಟಿದ್ದರಿಂದ ಆ ಜಾತಿ ಇವತ್ತಿಗೂ ಜೀವಂತವಾಗಿದೆ.

ಟ್ರುಚಾನಸ್ ಕಾಣೆಯಾದಾಗ ಹುಡುಕಲು ಹೋದವರಲ್ಲಿ ಅವರ ಶವವನ್ನು ಕಂಡವರು ಪೀಟರ್ ಡೊಂಬ್ರೊವ್‌ಸ್ಕಿಸ್, ಅವರ ಶಿಷ್ಯ. ಲಾಟ್ವಿಯಾದ ನಿರಾಶ್ರಿತ ಕುಟುಂಬದ ಹುಡುಗ. ತಂದೆಯನ್ನು ಯುದ್ಧದಲ್ಲಿ ಕಳೆದುಕೊಂಡು ತಾಯಿಯ ಜೊತೆ ಬಂದಿದ್ದ ಅವರಿಗೆ ದೋಣಿ ನಡೆಸುವುದನ್ನೂ ಕಾಡನ್ನು ನೋಡುವುದನ್ನೂ ಕಲಿಸಿದ್ದು ಟ್ರುಚಾನಸ್. ಜಲವಿದ್ಯುತ್ ಆಯೋಗದ ಮುಂದಿನ ಗುರಿ ಫ್ರಾಂಕ್ಲಿನ್ ನದಿ ಎಂದು ಗೊತ್ತಾದಾಗ ಡೊಂಬ್ರೊವ್‌ಸ್ಕಿಸ್ ಅಲ್ಲಿಗೆ ಹೋದರು, ಭಾರದ ಕ್ಯಾಮೆರಾ ಮತ್ತು ಟ್ರೈಪಾಡ್ ಹೊತ್ತು.

ಅಲ್ಲಿ ತೆಗೆದ ಒಂದು ಫೋಟೋ ಈಗ ಜಗತ್ಪ್ರಸಿದ್ಧ. ನದಿಯ ತಿರುವು, ನಡುವೆ ಕಾಡು ಬೆಳೆದ ಬಂಡೆಯ ದ್ವೀಪ, ಮೇಲೆ ಬೆಳಗಿನ ಮಂಜು. ಇಂಥ ಚಿತ್ರ ಬಿಸಿಲಿನಲ್ಲಿ ಬರುವುದಿಲ್ಲ. ಬಿಸಿಲಿದ್ದರೆ ನೊರೆ ಕಣ್ಣು ಕುಕ್ಕುತ್ತದೆ, ಮರಗಳ ನೆರಳು ಕಪ್ಪಗಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಸ್ಲೈಡ್ ಫಿಲ್ಮಿಗೆ ಇರಲಿಲ್ಲ. ಮಂಜಿನ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಆ ವ್ಯತ್ಯಾಸ ತಗ್ಗಿ, ಎಲೆ, ಕಲ್ಲು, ನೀರು ಎಲ್ಲವೂ ಮೂಡುತ್ತವೆ. ಬೆಳಕು ಕಡಿಮೆ ಇದ್ದಾಗ ಷಟರ್ ಹೆಚ್ಚು ಹೊತ್ತು ತೆರೆದಿರಬೇಕು, ಅದಕ್ಕೇ ಹರಿಯುವ ನೀರು ಫೋಟೋದಲ್ಲಿ ನಯವಾಗಿ ಹೊಗೆಯ ಹಾಗೆ ಕಾಣುತ್ತದೆ. ಆ ಬೆಳಕಿಗಾಗಿ ಕಾಯಬೇಕು, ಬೇರೆ ದಾರಿಯಿಲ್ಲ.

1983ರ ಮಾರ್ಚ್‌ನಲ್ಲಿ ನಡೆದ ಆಸ್ಟ್ರೇಲಿಯಾದ ರಾಷ್ಟ್ರೀಯ ಚುನಾವಣೆಯ ಹೊಸ್ತಿಲಲ್ಲಿ ಈ ಫೋಟೋ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತಾಗಿ ಬಂತು. ಇದನ್ನು ಹಾಳುಮಾಡುವ ಪಕ್ಷಕ್ಕೆ ನೀವು ಮತ ಹಾಕುತ್ತೀರಾ ಎಂದು ಅದು ಕೇಳಿತು. ಒಂದು ಫೋಟೋದಿಂದಲೇ ನದಿ ಉಳಿಯಿತು ಎಂದು ಸುಮ್ನೆ ಹೇಳಿಬಿಡುವುದು ಸುಲಭ, ಆದರೆ ಅದು ಅನ್ಯಾಯ. ಟಾಸ್ಮೇನಿಯಾದ 1981ರ ಜನಮತಗಣನೆಯಲ್ಲಿ ಯಾವ ಅಣೆಕಟ್ಟು ಬೇಕು ಎಂದಷ್ಟೇ ಕೇಳಿದಾಗ, ಸುಮಾರು ಮೂರನೇ ಒಂದರಷ್ಟು ಮತದಾರರು ಅಣೆಕಟ್ಟೇ ಬೇಡ ಎಂದು ಚೀಟಿಯ ಮೇಲೆ ಬರೆದಿದ್ದರು. 1982ರ ಡಿಸೆಂಬರ್‌ನಿಂದ ಕಾಮಗಾರಿಗೆ ಅಡ್ಡ ನಿಂತು 1,200ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಗೆದ್ದು ಬಂದ ಬಾಬ್ ಹಾಕ್ ಸರ್ಕಾರ ಅಣೆಕಟ್ಟನ್ನು ತಡೆಯಿತು, ಜುಲೈ 1ರಂದು ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 4-3ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಫೋಟೋ ಮಾಡಿದ್ದು ಇಷ್ಟು: ಆ ನದಿಯನ್ನು ಯಾವತ್ತೂ ನೋಡದ, ಬಹುಶಃ ನೋಡುವುದೂ ಇಲ್ಲದ ಸಿಡ್ನಿ, ಮೆಲ್ಬರ್ನ್ ಮತದಾರರಿಗೂ ಅದನ್ನು ಸ್ವಂತದ್ದಾಗಿಸಿತು. ನನ್ನ ಪ್ರಕಾರ ಅದು ಸಣ್ಣ ಕೆಲಸವಲ್ಲ.

ಮತ್ತು ಫೋಟೋದಲ್ಲಿ ಇಲ್ಲದ್ದು ಎಷ್ಟೊಂದು ಉಳಿಯಿತು ನೋಡಿ. ಬೆಟ್ಟದ ಹುಲ್ಲಿನಿಂದ ಬಸಿದ ಟ್ಯಾನಿನ್ ಸೇರಿ ಹಾಲಿಲ್ಲದ ಟೀಯಂತೆ ಕಾಣುವ ಆ ನೀರಿನ ದಡದಲ್ಲಿ ಹ್ಯೂಆನ್ ಪೈನ್ ಮರಗಳಿವೆ. ಕಾಂಡ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪವಾಗುತ್ತದೆ, ಆಯಸ್ಸು 2,000 ವರ್ಷ ದಾಟಬಲ್ಲದು. ಅದರ ಎಣ್ಣೆಯಲ್ಲಿರುವ ಮೀಥೈಲ್ ಯೂಜಿನಾಲ್ ಹುಳುಹುಪ್ಪಟೆಯನ್ನು ದೂರ ಇಡುವುದರಿಂದ ಬಿದ್ದ ಮರವೂ ಬೇಗ ಕೊಳೆಯುವುದಿಲ್ಲ. ಅಲ್ಲೇ ಕುಟಿಕಿನಾ ಎಂಬ ಗುಹೆ ಇದೆ. ಹಿಮಯುಗದ ಕಾಲದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಈಗಿನ ದಟ್ಟ ಮಳೆಕಾಡಿನ ಜಾಗ ಬಯಲಾಗಿದ್ದಾಗ ಮೂಲನಿವಾಸಿಗಳು ಅಲ್ಲಿ ಬೆಂಕಿ ಹಾಕಿ, ಕಾಂಗರೂವಿನ ಸಣ್ಣ ಸೋದರಿಯಂತಿರುವ ವಾಲಬಿಯನ್ನು ಬೇಟೆಯಾಡಿ ಬದುಕಿದ್ದರು. ಅವರ ಕಲ್ಲಿನ ಉಪಕರಣಗಳು ಇನ್ನೂ ಅಲ್ಲಿವೆ. ಅಣೆಕಟ್ಟು ಎದ್ದಿದ್ದರೆ ಗುಹೆಯೂ ನೀರಿನಡಿ ಹೋಗುತ್ತಿತ್ತು.

ಡೊಂಬ್ರೊವ್‌ಸ್ಕಿಸ್ 1996ರಲ್ಲಿ ವೆಸ್ಟರ್ನ್ ಆರ್ಥರ್ಸ್ ಬೆಟ್ಟಸಾಲಿನಲ್ಲಿ, ಫೋಟೋ ತೆಗೆಯಲು ಹೋಗಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಪೆಡರ್‌ನ ಮೀನು ಬದುಕಿರುವ ಒಬೆರಾನ್ ಸರೋವರ ಇರುವುದೂ ಆ ಬೆಟ್ಟಸಾಲಿನಲ್ಲೇ.

ಪೆಡರ್‌ನ ಮಾತು ಇನ್ನೂ ಮುಗಿದಿಲ್ಲ. ಜಲಾಶಯವನ್ನು ಇಳಿಸಿ ಹಳೆಯ ಸರೋವರವನ್ನು ಮರಳಿ ಪಡೆಯಬೇಕು ಎನ್ನುವವರು ಇವತ್ತಿಗೂ ಟ್ರುಚಾನಸ್ ಚಿತ್ರಗಳನ್ನೇ ತೋರಿಸುತ್ತಾರೆ. 1990ರ ದಶಕದಲ್ಲಿ ನೀರಿನಡಿ ಪರೀಕ್ಷಿಸಿದಾಗ ಆ ದಂಡೆ, ಮರಳ ದಿಬ್ಬಗಳು ತೆಳ್ಳನೆಯ ಕೆಸರಿನಡಿ ಬಹುಮಟ್ಟಿಗೆ ಹಾಗೇ ಇದ್ದವು. ತಾಂತ್ರಿಕವಾಗಿ ಇದು ಸಾಧ್ಯ ಎಂದು 1995ರ ಸಂಸದೀಯ ವಿಚಾರಣೆಯೂ ಒಪ್ಪಿತು. ಇದು ಆಗಲೇಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ನೀರು ಇಳಿಸಿದ ಮಾತ್ರಕ್ಕೆ ಒಬೆರಾನ್‌ನಿಂದ ಮೀನನ್ನು ವಾಪಸ್ ತಂದು ಬಿಡಲಾಗದು, ಅದಕ್ಕೂ ಮೊದಲು ಅಲ್ಲಿ ಸೇರಿಕೊಂಡಿರುವ ಟ್ರೌಟ್‌ಗೆ ಏನಾದರೂ ಮಾಡಬೇಕು.